ಅಣಕೋ ದಿಟವೋ

"ಮಕ ನೆಲಕ್ಕಿಕ್ಕಲೇ, ಬೋಳಿಮಗನೆ! ನೀನು ಉಗ್ರ ಕಣೋ, ಉಗ್ರನ ಥರ ಬಿದ್ಕೋ!"

ಇನ್ಸ್‌ಪೆಕ್ಟರರ ಬೂಟು ಮುನಿಶಾಮಪ್ಪನ ಬೆನ್ನ ಮೇಲಿತ್ತು. ನೆಲಮಂಗಲದ ಈ ಗೋಡೌನಿನಲ್ಲಿ ಹದಿನೆಂಟು ವರ್ಷದಿಂದ ನನ್ನ ಜೊತೆ ಮೂಟೆ ಹೊರುವವನು ಅವನು. ಭಯೋತ್ಪಾದಕರು ನುಗ್ಗಿದರೆ ಇಲಾಖೆಗಳೆಲ್ಲ ಒಂದಾಗಿ ಹೇಗೆ ಹಿಡಿಯಬೇಕು ಅಂತ ಆವತ್ತು ನಮ್ಮ ಅಂಗಳದಲ್ಲಿ ಅಣಕು ಕಾರ್ಯಾಚರಣೆ. ಉಗ್ರ ಯಾರಾಗಬೇಕು? ಶಾಮಿಯಾನದಡಿ ಕೂತವರು ಯಾರೂ ಏಳಲಿಲ್ಲ. ದೊಡ್ಡ ಸಾಹೇಬರ ಬೆರಳು ಹಮಾಲಿಗಳ ಸಾಲಿನ ಮೇಲೆ ಓಡಿ, ಗಡ್ಡ ಬಿಟ್ಟಿದ್ದ ಮುನಿಶಾಮಪ್ಪನ ಹತ್ತಿರ ನಿಂತಿತು.

"ಅಣಕು ಅಂದ್ರೆ ಅಣಕಿಸೋದಲ್ವಾ ಸಾ?" ಅಂತ ಅವನು ಕೇಳಿದ್ದಕ್ಕೇ ಆ ಬೂಟು.

ಕಮಾಂಡೋಗಳು ಅವನ ಕೈ ಹಿಂದಕ್ಕೆಳೆದು ಪ್ಲಾಸ್ಟಿಕ್ ಪಟ್ಟಿ ಬಿಗಿದರು. ಬಿಸಿಲಿಗೆ ಕಾಂಕ್ರೀಟು ಕಾದಿತ್ತು. ಹಿಡಿದದ್ದಾಯಿತು, ಫೋಟೋ ಆಯಿತು, ಚಪ್ಪಾಳೆಯೂ ಆಯಿತು. ಬಿಚ್ಚುವವರು ಯಾರು?

"ಸಾ, ಉಚ್ಚೆ ಬಂದೈತೆ. ಕೈ ಬಿಚ್ರಿ."

"ಕಟ್ಟಿದ್ದು ಕಮಾಂಡೋದೋರು, ಅವರ್ನೇ ಕೇಳು," ಅಂದರು ಇನ್ಸ್‌ಪೆಕ್ಟರು.

"ನಮ್ದು ಹಿಡಿಯೋದಷ್ಟೆ. ಸ್ಟೇಷನ್ನಿಗೆ ಒಪ್ಪಿಸಿ ಆಯ್ತು," ಅಂದ ಕಮಾಂಡೋ.

ತಾಲ್ಲೂಕು ಕಚೇರಿಯ ಭಾನುಪ್ರಕಾಶ್ ಕೈಯಲ್ಲಿದ್ದ ಹಾಳೆ ತಿರುವಿದರು. "ಉಗ್ರನ್ನ ಬಿಡೋ ಕಾಲಮ್ಮೇ ಇಲ್ವಲ್ರೀ ಇದ್ರಲ್ಲಿ. ಮೇಲಿಂದ ಕೇಳ್ಬೇಕು."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ. ಇಲ್ಲಿ ಪೂಜಾರಿಗಳೇ ಮೂವರು.

ಅಷ್ಟರಲ್ಲಿ ದೊಡ್ಡ ಸಾಹೇಬರು ಮೈಕು ಹಿಡಿದು ಇಲಾಖೆಗಳ ಸಮನ್ವಯದ ಬಗ್ಗೆ ಭಾಷಣ ಶುರು ಮಾಡಿದರು. ಮುನಿಶಾಮಪ್ಪ ತೊಡೆ ಒತ್ತಿಕೊಂಡು ಹೊರಳಾಡುತ್ತಿದ್ದ. ಕಸ ಗುಡಿಸುವ ಮಾರಕ್ಕ ಮುಖಕ್ಕೆ ಸೆರಗು ಮುಚ್ಚಿಕೊಂಡು ಆಚೆ ತಿರುಗಿದಳು.

"ಲೇ ಆಂಜಿನಪ್ಪ," ಅಂತ ನನ್ನನ್ನು ಕರೆದ. "ಹೆಂಗಸ್ರೆಲ್ಲ ಅವ್ರೆ ಕಣಲಾ. ಇಲ್ಲೇ ಆಗೋದ್ರೆ ನಾಳೆ ಯಾವ ಮಕ ಹೊತ್ಕೊಂಡು ಬರ್ಲಿ?"

ಹದಿನೆಂಟು ವರ್ಷದಲ್ಲಿ ಅವನು ನನ್ನ ಹತ್ತಿರ ಬೇಡಿಕೊಂಡದ್ದು ಅದೊಂದೇ. ಸೊಂಟಕ್ಕೆ ಸಿಕ್ಕಿಸಿದ್ದ ಮೂಟೆ ಎತ್ತುವ ಕೊಕ್ಕೆ ಎಳೆದುಕೊಂಡು ಅವನ ಕಡೆ ನಡೆದೆ.

"ಆಯುಧ! ಆಯುಧ!" ಯಾರೋ ಕೂಗಿದರು.

ಅಷ್ಟೂ ಇಲಾಖೆಯ ಬಂದೂಕುಗಳು ಒಂದೇ ಗಳಿಗೆಗೆ ನನ್ನ ಕಡೆ ತಿರುಗಿದವು. ಯಾರೂ ಯಾರನ್ನೂ ಕೇಳಲಿಲ್ಲ. ಮೇಲಿಂದ ಆರ್ಡರೂ ಬೇಕಾಗಲಿಲ್ಲ.

"ಇದು ಅಣಕೋ ದಿಟವೋ, ಸಾ?" ಅಂತ ಕೇಳಿದೆ.

ಬಂದೂಕುಗಳು ಕೆಳಗಿಳಿಯಲಿಲ್ಲ. ಮಂಡಿಯೂರಿ ಕೂತು, ಕೊಕ್ಕೆಯ ಮೊನೆಯನ್ನು ಪಟ್ಟಿಯೊಳಕ್ಕೆ ತೂರಿಸಿದೆ.

"ಅಲ್ಲಾಡ್ಬೇಡ ಕಣಲಾ," ಅಂದೆ ಮುನಿಶಾಮಪ್ಪನಿಗೆ.

ಎಳೆದೆ. ಪಟ್ಟಿ ಹರಿಯಲಿಲ್ಲ. ಮತ್ತೆ ಎಳೆದೆ.