ಮಲ್ಲಾರಿಗೆ ಮುಟ್ಟದ ಫೋನು

"ನನ್ನ ದನಿ ನನಗ ವಾಪಸ್ ಕೊಡ್ರಿ. ಸಾಕಾತು ನನಗ ಈ ಉಸಾಬರಿ," ಎಂದಳು ನಾಗೂ ಮಾವಶಿ.

ಬುಧವಾರ ಗಡಹಿಂಗ್ಲಜದಿಂದ ಮೊದಲ ಬಸ್ಸು ಹಿಡಿದು ಇಚಲಕರಂಜಿಗೆ ಬಂದಿದ್ದಳು. ಮೆಟ್ಟಿಲು ಹತ್ತಿದ ದಮ್ಮು ಇನ್ನೂ ಇಳಿದಿರಲಿಲ್ಲ. ಹೆಗಲ ಮೇಲೆ ಮಡಿಸಿದ ಕಂಬಳಿ, ಕೈಯಲ್ಲಿ ಸ್ಟೀಲಿನ ಡಬ್ಬಿ. ಜಗಳ ಮಾಡಲು ಬಂದವಳೂ ನನಗೆಂದು ಶೇಂಗಾ ಹೋಳಿಗೆ ತಂದಿದ್ದಳು, ಅದು ಬೇರೆ ಮಾತು.

"ಮೊದಲ ಕುಂಡ್ರ ಮಾವಶಿ, ನೀರ ಕುಡಿ," ಎಂದೆ.

"ಕುಂಡ್ರೂದಿಲ್ಲ. ಮಲ್ಲ್ಯಾ ನನ್ನ ಬಾಗಲ ಮುಂದ ಕುರಿ ಹೊಡಕೊಂಡ ಹ್ವಾದ, ಶುಭಾಂಗಿ. ನಿಲ್ಲಲಿಲ್ಲ. ಒಂದ ತಂಬಗಿ ನೀರ ಸುದ್ದಾ ಕೇಳಲಿಲ್ಲ. ಹುಟ್ಟಿದಾಗಿಂದ ಹಿಂಗ ಮಾಡಿದಂವ ಅಲ್ಲ."

ಮಲ್ಲಾರಿ ಅವಳ ತಮ್ಮ. ಅವನ ಸಿಟ್ಟಿಗೆ ನಮ್ಮ ಆಫೀಸೇ ಕಾರಣ ಎಂಬುದು ಆಗ ನನಗೆ ಗೊತ್ತಿರಲಿಲ್ಲ.

ಆಫೀಸು ಅಂದರೆ ಎರಡು ಕೋಣೆ. ಕೆಳಗೆ ಮಗ್ಗದ ಶೆಡ್ಡು, ಮೇಲೆ ನಾವು. ಮಾಲೀಕರು ಶಾಂತಿನಾಥ ಕಾಕಾ, ನನ್ನ ತಂದೆಯ ತಮ್ಮ. ಮಗ್ಗದವರಿಗೆ, ಸೊಸೈಟಿಗಳಿಗೆ ಒಂದೇ ಸುದ್ದಿಯನ್ನು ನೂರಾರು ಫೋನುಗಳಿಗೆ ದನಿಯಲ್ಲಿ ಮುಟ್ಟಿಸುವುದು ನಮ್ಮ ಉದ್ಯೋಗ. ಗಡಹಿಂಗ್ಲಜದ ಕಡೆಯ ಕುರಿಗಾರರ ಸಂಘದ್ದನ್ನು ಮಾತ್ರ ಕಾಕಾ ಪುಕ್ಕಟೆ ಮಾಡಿಕೊಡುತ್ತಾರೆ. "ಜೀವದ ಕೆಲಸ ಅದು, ಬಿಲ್ ಹಚ್ಚೂ ಹಂಗಿಲ್ಲ" ಎನ್ನುತ್ತಾರೆ.

ಆ ಸಂಘದ ಸುದ್ದಿಗೆ ದನಿ ನಾಗೂ ಮಾವಶಿಯದು; ನಂಟಲ್ಲ, ಚಿಕ್ಕಮ್ಮನ ವಯಸ್ಸಿನವಳೆಂದು ಮಾವಶಿ ಎನ್ನುತ್ತೇನೆ. ಕುರಿಗಳಿಗೆ ರೋಗ ಬರದಂತೆ ಸೂಜಿ ಹಾಕುವ ಶಿಬಿರ ಯಾವ ದಿನ, ಯಾವ ಊರಲ್ಲಿ ಎಂದು ಮೊದಲು ಒಬ್ಬ ಮಾಸ್ತರರ ಕೈಲಿ ಹೇಳಿಸಿದ್ದೆವು. ಯಾರೂ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಆಮೇಲೆ ಮಾವಶಿಯನ್ನು ನೂಲಿನ ಮೂಟೆಗಳಿರುವ ಒಳಕೋಣೆಯಲ್ಲಿ ಕೂರಿಸಿದೆ. ಬಾಗಿಲು ಹಾಕಿದರೆ ಅಲ್ಲಿ ಮಗ್ಗದ ಸದ್ದು ಅಷ್ಟಾಗಿ ಬರುವುದಿಲ್ಲ, ಹತ್ತಿ ಎಲ್ಲ ನುಂಗುತ್ತದೆ. ಬರೆದುಕೊಟ್ಟ ಕಾಗದವನ್ನು ಅವಳು ಮಡಿಸಿ ಕುಂಡೆಯಡಿ ಇಟ್ಟುಕೊಂಡು ತನಗೆ ಬಂದಂತೆ ಶುರುಮಾಡಿದಳು: "ಏ ಅಣ್ಣಗೋಳ್ರ್ಯಾ, ನಾ ನಾಗೂ ಮಾತಾಡಾಕತ್ತೇನಿ. ಮರಿ ಸಣ್ಣದೈತಿ ಅಂತ ದಡ್ಡ್ಯಾಗ ಬಿಟ್ಟ ಬಂದೀರಿ, ನೋಡ್ರಿ ಮತ್ತ!"

ಅಂದಿನಿಂದ ಮುನ್ನೂರ ನಲವತ್ತು ಮಂದಿ ಕೊನೆಯವರೆಗೂ ಕೇಳತೊಡಗಿದರು. ಅಷ್ಟೇ ಅಲ್ಲ, ನಾಗೂಬಾಯಿ ತಾನೇ ಕುಳಿತು ಒಬ್ಬೊಬ್ಬರಿಗೂ ಫೋನು ಮಾಡುತ್ತಾಳೆ ಎಂದೇ ನಂಬಿದರು.

ಅಲ್ಲೇ ಎಡವಟ್ಟಾಗಿದ್ದು. ಮೂರು ವಾರದ ಹಿಂದಿನ ಶಿಬಿರದ ಫೋನು ಮಲ್ಲಾರಿಗೆ ಹೋಗಿರಲಿಲ್ಲ. ಸೂಜಿ ತಪ್ಪಿ, ಹೊಸ ಹುಲ್ಲು ತಿಂದು ಕರುಳುಬೇನೆಯಾಗಿ ಅವನ ಏಳು ಮರಿ ಸತ್ತವು.

"ಊರ ಮಂದಿಗೆಲ್ಲಾ ಫೋನ್ ಮಾಡೀದಿ, ಬೆನ್ನಿಗೆ ಬಿದ್ದ ತಮ್ಮನ್ನ ಬಿಟ್ಟೀದಿ ಅಂದ," ಎಂದಳು ಮಾವಶಿ. "ಅದು ನಾ ಅಲ್ಲೋ, ಮಷಿನ್ ಅಂದೆ. ಮಷಿನ್ನಿಗೆ ನಿನ್ನ ಬೈಗಳ ಹೆಂಗ ಬರತಾವ ಅಂತ ಕೇಳ್ದ. ಏನ ಹೇಳಲಿ ನಾ?"

ನಾನು ಕಂಪ್ಯೂಟರ್ ತೆಗೆದು ಆ ದಿನದ ದಾಖಲೆ ನೋಡಿದೆ. ಇನ್ನೂರ ಹನ್ನೊಂದನೆಯ ಹೆಸರಿನವರೆಗೆ ಇತ್ತು, ಮುಂದೆ ಖಾಲಿ. ನೂರಿಪ್ಪತ್ತೊಂಬತ್ತು ಜನಕ್ಕೆ ಫೋನೇ ಹೋಗಿರಲಿಲ್ಲ. ಉಳಿದವರು ಪೇಟೆಯಲ್ಲಿ ಅವರಿವರಿಂದ ಸುದ್ದಿ ಕೇಳಿ ಶಿಬಿರಕ್ಕೆ ಬಂದಿದ್ದರಿಂದ ನಮಗೆ ಗೊತ್ತಾಗಲಿಲ್ಲ. ಮಲ್ಲಾರಿ ದೂರದ ಮಾಳದಲ್ಲಿದ್ದ. ಪಟ್ಟಿಯಲ್ಲಿ ಅವನದು ಕಟ್ಟಕಡೆಯ ಹೆಸರು.

"ಅವನ ಹೆಸರ ಕಡೀಕ ಯಾಕ ಬಂತು ಮಾವಶಿ? ಪಟ್ಟಿ ನೀನ ಹೇಳಿ ಬರೆಸಿದ್ದಿ."

ಅವಳು ನನ್ನನ್ನು ಹುಚ್ಚಿಯನ್ನು ನೋಡುವಂತೆ ನೋಡಿದಳು. "ಮನಿ ಮಂದಿ ಕಡೀ ಪಂಕ್ತಿಗೆ ಕುಂಡ್ರೂದು ಅಲ್ಲೇನ? ಊರ ಮಂದಿಕಿಂತ ಮೊದಲ ತಮ್ಮನ್ನ ಎಲಿ ಮುಂದ ಕುಂಡ್ರಸ್ಲೇನು?"

ಕಾಕಾ ಅಷ್ಟರಲ್ಲಿ ಬಸದಿಗೆ ಹೋಗಿಬಂದು ಚಪ್ಪಲಿ ಬಿಡುತ್ತಿದ್ದರು. ವಿಷಯ ಹೇಳಿದೆ. ಕುರ್ಚಿಯಲ್ಲಿ ಕುಳಿತು ಕನ್ನಡಕ ಒರೆಸಿಕೊಂಡರು.

"ಯಾಕ ನಿಂತತು ಅದು?"

ನಾನು ಯಾವ ಕಾಲೇಜಿನಲ್ಲೂ ಇದನ್ನು ಕಲಿತವಳಲ್ಲ, ತಪ್ಪು ಮಾಡಿ ಮಾಡಿ ಕಲಿತದ್ದು. ಆದ್ದರಿಂದ ನನಗೆ ತಿಳಿದ ಹಾಗೇ ಹೇಳುತ್ತೇನೆ. ನಮ್ಮ ಫೋನು ಮಾಡುವ ಪ್ರೋಗ್ರಾಂ ಇರುವುದು ಕ್ಲೌಡಿನಲ್ಲಿ, ಅಂದರೆ ಎಲ್ಲೋ ದೂರದ ಬಾಡಿಗೆ ಕಂಪ್ಯೂಟರಿನಲ್ಲಿ. ಅದನ್ನು ಕಂಟೇನರಿನಲ್ಲಿ ಹಾಕಿ ಕಳಿಸುತ್ತೇವೆ. ಬುತ್ತಿ ಕಟ್ಟಿದ ಹಾಗೆ. ರೊಟ್ಟಿ, ಪಲ್ಯ, ಚಟ್ನಿ ಎಲ್ಲ ಒಂದೇ ಗಂಟಿನಲ್ಲಿ, ಎಲ್ಲಿ ಬಿಚ್ಚಿದರೂ ಊಟ ಸಿದ್ಧ. ಅದು ಒಂದು ಫೋನು ಮಾಡುತ್ತದೆ, ಮುಟ್ಟಿತೋ ಇಲ್ಲವೋ ದಾಖಲೆ ಬರೆಯುತ್ತದೆ, ಮುಂದಿನ ಫೋನಿಗೆ ಹೋಗುತ್ತದೆ. ಆ ದಿನ ದಾಖಲೆ ಬರೆಯುವ ಜಾಗ ಕಟ್ಟಿಕೊಂಡಿತ್ತು. ಬರೆಯುವುದು ನಿಂತಾಗ ಫೋನು ಮಾಡುವುದೂ ಕಾಯುತ್ತ ಕುಳಿತಿತು. ಹಾಗೆ ಕಾಯಬೇಕೋ ಬೇಡವೋ ಎಂಬುದು ನಮ್ಮ ಖಾತೆಯ ಸೆಟ್ಟಿಂಗಿನಲ್ಲಿರುತ್ತದೆ.

"ಕಾಯಬೇಕು ಅಂತ ಇಟ್ಟವರು ಯಾರು?" ಕಾಕಾ ಕೇಳಿದರು.

ನಾನು ಅವರನ್ನೇ ನೋಡಿದೆ.

"ಹಾಂ. ನಾನ," ಎಂದರು. "ಬರೀದ ಮುಂದ ಹೋಗೂದಂದ್ರ ಹೆಂಗ? ನೇಕಾರರ ಸೊಸೈಟ್ಯಾಗ ಮೂವತ್ತ ವರ್ಷ, ಯಾವ ನೂಲಿನ ಬೀಮು ಯಾವ ಮಗ್ಗಕ್ಕ ಹೋತು ಅಂತ ಬರದ ಮ್ಯಾಲ ಮಗ್ಗ ಚಾಲೂ. ಒಂದ ದಿನ ತಪ್ಪಿಲ್ಲ."

"ಕಾಯಬ್ಯಾಡ ಅಂತ ಇಟ್ರ ಫೋನ್ ಎಲ್ಲಾರಿಗೂ ಹೋಗತಾವ ಕಾಕಾ. ಆದ್ರ ಬರಿಯೂ ಜಾಗಾ ಕಟ್ಟಿದಾಗ ಒಂದಿಷ್ಟ ಹೆಸರಿನ ದಾಖಲಿ ಹೋಗಬಹುದು."

"ಮತ್ತ ಯಾರಿಗೆ ಮುಟ್ಟತು ಯಾರಿಗೆ ಇಲ್ಲ, ಹೆಂಗ ತಿಳೀಬೇಕು?"

ಕುಂಡ್ರೂದಿಲ್ಲ ಎಂದಿದ್ದ ಮಾವಶಿ ಈಗ ನೆಲದ ಮೇಲೆ ಕುಳಿತು ಬಾಯಿ ಹಾಕಿದಳು. "ಅಣ್ಣಾರ, ನೀವು ಸಂಕೇಶ್ವರ ರೋಡ ದಾಟಸೀರೇನ್ರಿ ಕುರೀನ?"

"ಇಲ್ರೆವ್ವಾ."

"ನಾ ದಾಟಸೇನಿ. ಮುನ್ನೂರ ಕುರಿ. ನಡುರಸ್ತೇದಾಗ ನಿಂತ ಒಂದು, ಎರಡು ಅಂತ ಎಣಿಸ್ಕೋತ ಕುಂತ್ರ ಟ್ರಕ್ ಬರತೈತ್ರಿ. ಮೊದಲ ದಾಟಸೂದು. ಆಚೀ ಕಡೆ ಹೋಗಿ ನೋಡೂದು."

"ಒಂದ ಮರಿ ಈಚೀ ಕಡೆ ಉಳೀತಂದ್ರ?"

"ತಾಯಿ ಒದರತೈತ್ರಿ. ನೀವು ಬರಕೋಳೂತನಾ ಅದು ಸುಮ್ನ ಇರತೈತೇನ?"

ಕಾಕಾ ನಕ್ಕುಬಿಟ್ಟರು. ಆದರೂ ಪೂರ್ತಿ ಒಪ್ಪಲಿಲ್ಲ. "ಕುರಿ ಒದರತೈತಿ. ಫೋನ್ ಮುಟ್ಟದ ಮನಷಾ ಹೆಂಗ ಒದರತಾನ?"

"ಮುಟ್ಟಿದಂವನ ಒದರಲಿ," ಎಂದಳು ಮಾವಶಿ. "ಕೇಳಿದವ್ರು ನನಗೊಂದ ಮಿಸ್ ಕಾಲ್ ಕೊಡ್ರಿ ಅಂತ ಹೇಳ್ತೇನಿ. ರೊಕ್ಕ ಹೋಗೂದಿಲ್ಲ, ಏನಿಲ್ಲ. ಯಾರ್ದು ಬರೂದಿಲ್ಲೋ ಅವ್ರಿಗೆ ನಾನ ಮಾಡ್ತೇನಿ, ಖರೇ ನಾನ."

ದನಿ ವಾಪಸ್ ಕೇಳಲು ಬಂದವಳು ಹೊಸ ದನಿ ಕೊಟ್ಟು ಹೋಗುವುದಾಯಿತು. ಮುಂದಿನ ಐತವಾರ ಕೋವಾಡದಲ್ಲಿ ಎರಡನೆಯ ಶಿಬಿರ, ಶುಕ್ರವಾರ ಮುಂಜಾನೆ ಫೋನು. ನೂಲಿನ ಕೋಣೆಯಿಂದ ಹೊರಬರುವಾಗ ನನ್ನ ಕೈ ಹಿಡಿದು, "ಈ ಸಲ ಮಲ್ಲ್ಯಾಗ ತಪ್ಪಬಾರದು ನೋಡವಾ. ತಪ್ಪಿದ್ರ ಅಂವ ಮತ್ತ ನನ್ನ ಮಾರಿ ನೋಡೂದಿಲ್ಲ," ಎಂದಳು. ಕಣ್ಣಲ್ಲಿ ನೀರಿರಲಿಲ್ಲ, ಕೈ ಮಾತ್ರ ಬಿಡಲಿಲ್ಲ.

ಅವಳು ಹೋದ ಮೇಲೆ ನಾನು ಸೆಟ್ಟಿಂಗ್ ಬದಲಿಸಿದೆ. ಬರೆಯುವ ದಾರಿಯನ್ನು ಬೇಕೆಂದೇ ಮುಚ್ಚಿ, ಆಫೀಸಿನವರ ಹತ್ತು ನಂಬರಿಗೆ ಓಡಿಸಿ ನೋಡಿದೆ. ಹತ್ತೂ ಹೋದವು. ಎದೆ ಹಗುರಾಗಿ ಎರಡು ಹೋಳಿಗೆ ತಿಂದೆ.

ಶುಕ್ರವಾರದ ಕೆಲಸ ಹಚ್ಚಬೇಕಾದವನು ನಿಖಿಲ. ಕೊಲ್ಹಾಪುರದಲ್ಲಿ ಮನೆಯಿಂದಲೇ ನಮ್ಮ ಕೆಲಸ ಮಾಡುತ್ತಾನೆ. ಎರಡು ಮಕ್ಕಳ ತಂದೆ, ಬಾಯಲ್ಲಿ ಅರ್ಧ ಮರಾಠಿ; ನನಗೆ ಅಕ್ಕ ಅನ್ನುವುದೂ ತಾಈ ಎಂದೇ. ಗುರುವಾರ ಮಧ್ಯಾಹ್ನ ಅವನ ಫೋನು ಬಂತು.

"ತಾಈ, ನೀ ಬದಲ ಮಾಡೇನಿ ಅಂದಿ. ಇಲ್ಲಿ ಕಾಹೀಚ ನಾಹೀ, ಏನೂ ಬದಲಾಗಿಲ್ಲ. ನಿನ್ನಂಗ ಬರಿಯೂ ದಾರಿ ಮುಚ್ಚಿ ನೋಡಿದ್ನಿ, ಮೂರ ಫೋನಿಗೆ ನಿಂತ ಬಿಟ್ಟೈತಿ."

"ನನ್ನ ಕಡೆ ಹತ್ತೂ ಹೋಗ್ಯಾವಲ್ಲೋ!"

"ನಿನ್ನ ಕಡೆ ಹೋಗ್ಯಾವ. ನನ್ನ ಕಡೆ ನಿಂತಾವ. ನಾ ಏನ ಪಾಪ ಮಾಡೇನಿ?"

 ಒಂದು ತಾಸು ಹುಡುಕಿದೆ. ತಪ್ಪು ಸಿಕ್ಕಾಗ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಸೆಟ್ಟಿಂಗ್ ಬದಲಿಸಲು ಎರಡು ಬಗೆ ಇವೆ. ಒಂದು, ಲಾಗಿನ್ ಆದವರ ಹೆಸರಿಗೆ ಮಾತ್ರ. ಇನ್ನೊಂದು, ಇಡೀ ಖಾತೆಗೆ ಡೀಫಾಲ್ಟ್: ಯಾರು ತಮ್ಮದೆಂದು ಏನೂ ಹೇಳಿಲ್ಲವೋ ಅವರಿಗೆಲ್ಲ ಅದೇ. ನಾನು ಮಾಡಿದ್ದು ಮೊದಲನೆಯದು. ನಾನು ಹಚ್ಚಿದ ಕೆಲಸಕ್ಕೆ ಹೊಸ ನಿಯಮ, ನಿಖಿಲ ಹಚ್ಚಿದ್ದಕ್ಕೆ ಹಳೆಯದೇ.

ಕಾಕಾನಿಗೆ ಹೇಳಿದೆ. ಅವರು ಕೈಯಲ್ಲಿದ್ದ ಚಹಾದ ಬಸಿ ಕೆಳಗಿಟ್ಟರು. "ಅಂದ್ರ ನೀ ನಿನ್ನ ಕಪ್ಪಿಗಷ್ಟ ಸಕ್ಕರಿ ಬ್ಯಾಡ ಅಂದಿ. ಚಹಾ ಕುದಿಯೂ ಪಾತೇಲ್ಯಾಗ ಸಕ್ಕರಿ ಹಂಗ ಐತಿ."

"ಹೌದ್ರಿ ಕಾಕಾ. ಪಾತೇಲಿಗೆ ಕೈ ಹಚ್ಚೂ ಅಧಿಕಾರ ನಿಮ್ಮ ಲಾಗಿನ್ನಿಗೆ ಅಷ್ಟ ಐತಿ."

ಅವರು ಎದ್ದು ನನ್ನ ಕುರ್ಚಿಯಲ್ಲಿ ಕುಳಿತರು. ಪಾಸ್‌ವರ್ಡನ್ನು ಒಂದೊಂದೇ ಅಕ್ಷರವಾಗಿ, ತೋರುಬೆರಳಿನಿಂದ ಒತ್ತಿದರು. ನಾನು ತೋರಿಸಿದ ಸಾಲಿಗೆ ಬಂದು ಬೆರಳು ನಿಂತಿತು.

"ಶುಭಾ, ಒಂದ ಮಾತ. ಮೂವತ್ತ ವರ್ಷದಾಗ ನಾ ಬರೀದ ಏನೂ ಬಿಟ್ಟಿಲ್ಲ."

"ಗೊತ್ತೈತ್ರಿ."

"ಏಳ ಮರಿ ಅಂದ್ಯಲ್ಲ?"

"ಏಳು."

ಒತ್ತಿದರು. ಪರದೆಯ ಮೇಲೆ ಏನೂ ದೊಡ್ಡದಾಗಿ ಆಗಲಿಲ್ಲ, ಒಂದು ಪದ ಹೋಗಿ ಇನ್ನೊಂದು ಬಂತು. ನಿಖಿಲನಿಗೆ ಫೋನಿನಲ್ಲೇ ಹೇಳಿದೆ: ಈಗಾಗಲೇ ಎದ್ದು ನಿಂತಿರುವ ಕಂಟೇನರಿಗೆ ಹಳೆಯದೇ ನಿಯಮ, ಅದನ್ನು ತೆಗೆದು ಹೊಸದು ಎಬ್ಬಿಸು. ಐದು ನಿಮಿಷಕ್ಕೆ ಅವನು, "ಚಾಲೂ ಆತು ತಾಈ! ನಿಲ್ಲವಲ್ದು! ನಮ್ಮ ಮಾಂವನ ನಂಬರಿಗೂ ಹೊಡದೇನಿ, ಅಂವಾ ಬೈಯಾಕತ್ತಾನ," ಎಂದು ಕೂಗಿದ.

ಶುಕ್ರವಾರ ಮಾವಶಿ ಮತ್ತೆ ಬಂದಳು. ವಸ್ತಿಯ ಮನೆಯಲ್ಲಿ ಒಬ್ಬಳೇ ಕುಳಿತಿರಲು ಆಗುವುದಿಲ್ಲ ಎಂದಳು. ಒಂಬತ್ತೂವರೆಗೆ ನಿಖಿಲ ಕೆಲಸ ಹಚ್ಚಿದ. ಅವಳ ಹಳೆಯ ಬಟನ್ ಫೋನನ್ನು ಮೇಜಿನ ನಡುವೆ ಇಟ್ಟೆವು. ಅದು ಒಮ್ಮೆ ಮಿಡಿದು ನಿಂತಿತು. ಮತ್ತೆ ಮಿಡಿಯಿತು. ಆಮೇಲೆ ಬಿಸಿ ಹಂಚಿನ ಮೇಲಿನ ಕಾಳಿನಂತೆ ಜಿಗಿಯತೊಡಗಿತು.

ಮಾವಶಿ ನಂಬರು ನೋಡಿಯೇ ಹೆಸರು ಹೇಳುತ್ತಿದ್ದಳು. "ಇಂವ ತಾನಾಜಿ. ಇದು ಚೆನ್ನವ್ವನ ಮನೀದು. ಏ, ಈ ದತ್ತಾಗ ಬುದ್ಧಿ ಇಲ್ಲ, ಎರಡ ಸಲ ಕೊಟ್ಟಾನ." ಕಾಕಾ ಪಟ್ಟಿಯ ಒಂದು ಪ್ರತಿಯನ್ನು ತೊಡೆಯ ಮೇಲಿಟ್ಟುಕೊಂಡು ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದರು. ಖುಷಿಯಲ್ಲಿದ್ದರು, ಬರೆಯುವ ಕೆಲಸ ಮತ್ತೆ ಕೈಗೆ ಬಂದಿತ್ತು.

ಹನ್ನೊಂದೂವರೆಗೆ ಪರದೆಯಲ್ಲಿ ದಾಖಲೆ ನಿಂತಿತು. ಮುನ್ನೂರ ಎರಡನೆಯ ಹೆಸರು, ಮುಂದೆ ಖಾಲಿ.  ಆದರೆ ಮೇಜಿನ ಮೇಲಿನ ಫೋನು ಮಿಡಿಯುತ್ತಲೇ ಇತ್ತು. ಕಾಕಾನ ಪಟ್ಟಿಯಲ್ಲಿ ಮುನ್ನೂರ ಆರು. ಮುನ್ನೂರ ಹದಿನೈದು. ಬರೆಯುವುದು ನಿಂತಿತ್ತು, ಹೇಳುವುದು ನಿಂತಿರಲಿಲ್ಲ.

ಸ್ವಲ್ಪ ಹೊತ್ತಿಗೆ ದಾಖಲೆಯೂ ಎಚ್ಚೆತ್ತು, "ಕೆಲಸ ಮುಗಿಯಿತು" ಎಂದು ಕೊನೆಯ ಸಾಲು ಬರೆಯಿತು. ನಡುವಿನವರ ಹೆಸರುಗಳು ಅದರಲ್ಲಿ ಇರಲೇ ಇಲ್ಲ. ಮಲ್ಲಾರಿಯದೂ ಇರಲಿಲ್ಲ. ಮಾವಶಿಯ ಫೋನು ಸುಮ್ಮನಾಯಿತು. ಕಾಕಾ ಮಲ್ಲಾರಿಯ ಹೆಸರಿನ ಮೇಲೆ ಪೆನ್ಸಿಲ್ ಹಿಡಿದೇ ಇದ್ದರು.

"ಹೋಗಿರತೈತಿ ಮಾವಶಿ," ಎಂದೆ. "ಮಿಸ್ ಕಾಲ್ ಕೊಡಾಕ ಮನಸ ಬಂದಿರಲಿಕ್ಕಿಲ್ಲ."

ಅವಳು ಕಂಬಳಿಯ ಅಂಚಿನ ಎಳೆಯೊಂದನ್ನು ಬೆರಳಿಗೆ ಸುತ್ತುತ್ತಿದ್ದಳು.

ಆಗ ಫೋನು ಮಿಡಿಯಿತು. ನಿಲ್ಲಲಿಲ್ಲ. ನಾಲ್ಕು ಸಲ, ಐದು ಸಲ, ಬಡಿದುಕೊಳ್ಳುತ್ತಲೇ ಇತ್ತು.

"ಯಾರ್ರೀ ಇವ್ರು, ಇಷ್ಟುದ್ದ ಮಿಸ್ ಕಾಲ್ ಕೊಡಾಕತ್ತಾರ?" ಎಂದರು ಕಾಕಾ.

ಮಾವಶಿ ನಂಬರು ನೋಡಿದಳು. ಸೆರಗಿನಿಂದ ಕೈ ಒರೆಸಿಕೊಂಡು ಫೋನು ಎತ್ತಿದಳು. ಸ್ಪೀಕರ್ ಬೇಕಾಗಲೇ ಇಲ್ಲ, ಕುರಿಗಳ ಸದ್ದಿನ ಮೇಲೆ ಮಲ್ಲಾರಿಯ ದನಿ ಇಡೀ ಕೋಣೆಗೆ ಕೇಳಿತು.

"ಏನಕ್ಕಾ ನೀನು? ಮಾತಾಡಾಕತ್ತೇನಿ, ನಡುವ ಫೋನ್ ಇಟ್ಟ ಬಿಡ್ತೀಯಲ್ಲ! ನಿಂದಷ್ಟ ಹೇಳೂದು, ಮಂದೀದು ಕೇಳೂದ ಇಲ್ಲೇನ? ಸಣ್ಣಾಕಿ ಇದ್ದಾಗಿಂದ ಹಿಂಗ ನೀ!"

ಮಾವಶಿ ನನ್ನ ಕಡೆ ನೋಡಿದಳು. ಅದು ಮಷಿನ್ನು ಎಂದು ಈಗ ಹೇಳುತ್ತಾಳೆ ಎಂದುಕೊಂಡೆ.

"ತಪ್ಪಾತಪ್ಪಾ," ಎಂದಳು. "ಕೈ ತಾಗಿ ಕಟ್ ಆತು. ಹೇಳು ಈಗ. ಏನ ಹೇಳಾಕತ್ತಿದ್ದಿ?"

"ಐತವಾರ ಕೋವಾಡಕ್ಕ ನೀನೂ ಬರ್ತೀಯೋ ಇಲ್ಲೋ ಅಂತ ಕೇಳಿದ್ನಿ. ಉಳದಿದ್ದ ಮರಿ ಹದಿನಾಲ್ಕ ಅದಾವ. ಹಿಡ್ಯಾಕ ನನಗೊಬ್ಬಂಗ ಆಗೂದಿಲ್ಲ."

ಕೆಳಗೆ ಮಗ್ಗಗಳ ಸದ್ದು ಜೋರಾಗಿತ್ತು. ಮಾವಶಿ ಫೋನನ್ನು ಕಿವಿಗೆ ಒತ್ತಿಕೊಂಡು ಎದ್ದು, ನೂಲಿನ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಾಕಾ ಪಟ್ಟಿಯ ಕಟ್ಟಕಡೆಯ ಹೆಸರಿನ ಮುಂದೆ ಗುರುತು ಹಾಕಿ, ಪೆನ್ಸಿಲನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡರು.

"ಮುಂದಿನ ಸಲ ಅವನ ಹೆಸರು ಮ್ಯಾಲ ಹಾಕೂಣ ಏನ ಕಾಕಾ?" ಎಂದೆ.

"ಕೇಳಿ ನೋಡು," ಎಂದರು. "ಬೈಸ್ಕೋತಿ."

ಒಳಗಿನ ಮಾತು ಅರ್ಧ ತಾಸಾದರೂ ಮುಗಿದಿರಲಿಲ್ಲ.