ಲೂ ಗಲೇಯ ಹೊಸ ಹೆಸರು

ಐರಾವತಿ ದಂಡೆಯ ನಮ್ಮೂರಿನ ಸರ್ಕಾರಿ ಅಫೀಮು ಅಂಗಡಿಯಲ್ಲಿ ನಾನು ಗುಮಾಸ್ತ. ರಿಜಿಸ್ಟರಿನಲ್ಲಿ ಹೆಸರಿದ್ದ ಬರ್ಮಾದವರಿಗಷ್ಟೇ ಅಫೀಮು. ಆ ಪಟ್ಟಿ ಮುಚ್ಚಿ ಮೂವತ್ತು ವರ್ಷ ದಾಟಿತ್ತು. ಈಗಂತೂ ಜಿನೀವಾದಲ್ಲಿ ಸೇರಿದ ದೇಶಗಳಿಗೆಲ್ಲ ಬಿಳಿಯರ ಸರ್ಕಾರ ಮಾತು ಕೊಟ್ಟುಬಿಟ್ಟಿತ್ತು, ಹೆಸರುಗಳು ಕಡಿಮೆಯಾಗುತ್ತವೆಯೇ ಹೊರತು ಒಂದೂ ಹೆಚ್ಚುವುದಿಲ್ಲವೆಂದು. ತಪಾಸಣೆಯ ಸಾಹೇಬರು ಪ್ರತಿ ತಿಂಗಳು ಬಂದು ಈ ಸಲ ಎಷ್ಟು ಜನ ಸತ್ತರೆಂದು ಮಾವಿನ ಫಸಲು ವಿಚಾರಿಸುವ ಹಾಗೆ ವಿಚಾರಿಸುತ್ತಿದ್ದರು. 

ಲೂ ಗಲೇ ತೇಗದ ತೆಪ್ಪ ನಡೆಸಿಯೇ ಮುದುಕನಾದವನು. ನಲವತ್ತು ವರ್ಷದ ಚಟ. ಆ ವರ್ಷ ಅವನಿಗೆ ಹಿಡಿದ ಜ್ವರ ಬಿಡಲೇ ಇಲ್ಲ. ಹೆಸರಿನ ಮೇಲೆ ಗ್ರಹ ಕೂತಿದೆ, ಬದಲಿಸು ಎಂದರಂತೆ ಜೋಯಿಸರು. ನಮ್ಮಲ್ಲಿ ಇದೇನೂ ಹೊಸತಲ್ಲ, ನಮ್ಮಪ್ಪನೇ ಎರಡು ಸಲ ಬದಲಿಸಿಕೊಂಡಿದ್ದ. ಬುಧವಾರ ಹುಟ್ಟಿದವನಿಗೆ ಒಪ್ಪುವ ಹೆಸರು ಹುಡುಕಿಕೊಂಡು, ಪದ್ಧತಿಯಂತೆ ಉಪ್ಪಿನಲ್ಲಿ ಕಳಿತ ಚಹಾ ಎಲೆಯ ಪೊಟ್ಟಣ ಮನೆಮನೆಗೂ ಹಂಚಿ, ನನಗೂ ಒಂದು ತಂದ.

“ಸಯಾ, ಇನ್ಮೇಲೆ ನಾನು ವುನ್ನ. ಲೂ ಗಲೇ ಹೋದ ಅಂತ ಹೊಡ್ದಾಕ್ಬಿಡಿ. ಅವ್ನ ಜತೆ ಜ್ವರಾನೂ ತೊಲಗ್ಲಿ.”

ಚಹಾ ಎಲೆ ಮೆಲ್ಲುತ್ತಲೇ ಹೊಡೆದುಹಾಕಿದೆ. ಹೆಸರು ತೆಗೆಯಲು ರಿಜಿಸ್ಟರಿನಲ್ಲಿ ಒಪ್ಪುತ್ತಿದ್ದ ಕಾರಣ ಒಂದೇ. ‘ಮೃತ’ ಎಂದು ಬರೆದು, ಕೆಳಗೆ ವುನ್ನ ಎಂದು ಸೇರಿಸಿದೆ. ನನ್ನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ.

ತಿಂಗಳ ಪಟ್ಟಿ ಮೇಲಿನ ಕಚೇರಿಗೆ ಹೋಯಿತು. ಆಮೇಲೆ ಬಂದ ಸಾಹೇಬರು ವುನ್ನನ ಮೇಲೆ ಕೆಂಪು ಗೆರೆ ಎಳೆದರು. ನಾನು ಕೈಮುಗಿದು ನಡೆದದ್ದೆಲ್ಲ ಹೇಳಿದೆ. ಲೂ ಗಲೇಯನ್ನಾದರೂ ಮತ್ತೆ ಬರೆದುಕೊಳ್ಳುತ್ತೇನೆಂದು ಬೇಡಿದೆ. ಅವರು ಸಿಟ್ಟಾಗಲಿಲ್ಲ. ನನಗೆ ಭಯವಾದದ್ದೇ ಅದಕ್ಕೆ.

“ಸತ್ತೋನು ಎದ್ದು ಬಂದ ಅಂತ ಜಿನೀವಾಕ್ಕೆ ನಾನು ಬರೀಲಾ?” ಎಂದರು. “ಚಟ ಬಿಡ್ತಾನೆ ಬಿಡು. ಒಳ್ಳೇದೇ ಆಯ್ತು.”

ಅಫೀಮು ನಿಂತ ಮೂರನೆಯ ದಿನಕ್ಕೆ ಮುದುಕನಿಗೆ ನಡುಕ ಶುರುವಾಯಿತು, ಜೊತೆಗೆ ಭೇದಿ. ಕುಡಿದ ಗಂಜಿಯೂ ನಿಲ್ಲುತ್ತಿರಲಿಲ್ಲ. ದಿನವೂ ತೆವಳಿಕೊಂಡು ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂರುತ್ತಿದ್ದ. ಕೊಳ್ಳಲು ಬಂದ ಹಳೆಯ ಗೆಳೆಯರು ಮುಖ ತಿರುಗಿಸಿ ದಾಟಿ ಹೋಗುತ್ತಿದ್ದರು. ಚೂರು ಹಂಚಿಕೊಂಡರೂ ಅವರಿಗೆ ಜೈಲಾಗುತ್ತಿತ್ತು. ಕಪಾಟಿನ ಬೀಗದಕೈ ನನ್ನ ಸೊಂಟದಲ್ಲೇ ಇತ್ತು. ಒಂದು ಗುಳಿಗೆಯಷ್ಟು ಕದ್ದು ಕೊಡುವ ಧೈರ್ಯ ನನಗೆ ಬರಲಿಲ್ಲ. ಕೆಲಸ ಹೋದರೆ ಎಂದು ಹೆದರಿದೆ. ಹೇಡಿ ನಾನು.

ಒಂಬತ್ತನೆಯ ದಿನ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಮಧ್ಯಾಹ್ನ ಅವನ ಹೆಂಡತಿ ಎಯಿನ್ ಬಂದಳು. ಬೈಯುತ್ತಾಳೆಂದು ನಾನು ತಲೆ ತಗ್ಗಿಸಿ ನಿಂತೆ. ಅವಳು ಬೈಯಲಿಲ್ಲ. ನಸುಕಿನಲ್ಲಿ ಗಂಡ ತೀರಿಕೊಂಡನೆಂದು ಹೇಳಿ, ನನ್ನನ್ನು ಊಟಕ್ಕೆ ಕರೆದಳು.

“ಏಳನೇ ದಿನ ಭಿಕ್ಷುಗಳಿಗೆ ಊಟ ಹಾಕ್ತೀನಿ. ನೀವು ತಪ್ಪಿಸ್ಬಾರ್ದು ಸಯಾ. ಅವ್ರು ಸತ್ತಿದ್ದು ಎಲ್ಲರಿಗಿಂತ ಮೊದ್ಲು ಗೊತ್ತಾಗಿದ್ದು ನಿಮಗೇ ಅಲ್ವಾ.”