ಎದೆ ಬಡಿದುಕೊಂಡರೂ ಗುತ್ತೆವ್ವ ಮಾತಾಡಿದಳು

ಮಹಿಳಾ ಗ್ರಾಮಸಭೆಯಲ್ಲಿ ಮೈಕು ಗುತ್ತೆವ್ವನ ಕೈಗೆ ಬಂತು. ಆಕೆ ಅದನ್ನು ಪಕ್ಕದವಳ ಕೈಗಿತ್ತು ಮನೆಗೆ ಓಡಿದಳು.

ಇದು ಬಂಕಾಪುರದ ಹತ್ತಿರದ ಒಂದು ಹಳ್ಳಿಯ ಕಥೆ. ಹೇಳಬೇಕಾಗಿದ್ದ ಮಾತು ಸಣ್ಣದಲ್ಲ. ಅಂಗನವಾಡಿಯ ಛತ್ತಿನಿಂದ ಸಿಮೆಂಟಿನ ಗಿಲಾವು ಕಳಚಿ, ಮಕ್ಕಳು ಉಣ್ಣುವ ಚಾಪೆಯ ಮೇಲೆ ಬಿದ್ದಿತ್ತು. ಮಕ್ಕಳು ಆಗಷ್ಟೇ ಕೈ ತೊಳೆಯಲು ಹೊರಗೆ ಹೋಗಿದ್ದರು. ಅವರಲ್ಲಿ ಗುತ್ತೆವ್ವನ ಮೊಮ್ಮಗಳೂ ಇದ್ದಳು; ಆಕೆಯನ್ನು ಕರೆತರಲು ಹೋಗಿದ್ದ ಗುತ್ತೆವ್ವ ಬಾಗಿಲಲ್ಲೇ ನಿಂತು ಅದನ್ನು ಕಂಡಿದ್ದಳು. "ಕಣ್ಣಾರೆ ಕಂಡಾಕಿ ನೀನ, ನೀನ ಹೇಳು" ಎಂದು ಸ್ವಸಹಾಯ ಸಂಘದವರು ಆಕೆಯನ್ನು ಎಬ್ಬಿಸಿದ್ದರು.

ಸಂಜೆ ಆಶಾ ಕಾರ್ಯಕರ್ತೆ ನುಜಹತ ಮನೆಗೆ ಬಂದಳು.

"ನನಗ ಬಿ.ಪಿ. ಬಂದೈತಿ ನೋಡವಾ," ಎಂದಳು ಗುತ್ತೆವ್ವ. "ಎದಿ ಢವಢವ ಅಂತು, ಬಾಯಿ ಒಣಗಿತು, ಕಾಲು ಗಡಗಡ ನಡುಗಿದ್ವು."

ಮರುದಿನ ಆರೋಗ್ಯ ಕೇಂದ್ರದಲ್ಲಿ ನೋಡಿಸಿದರೆ ಬಿ.ಪಿ. ಸರಿಯಾಗಿಯೇ ಇತ್ತು.

"ಹಂಗಾರ ಯಾರದರ ಕಣ್ಣು ಬಿದ್ದಿರಬೇಕು," ಎಂದಳು ಗುತ್ತೆವ್ವ, ಮನೆಗೆ ಮರಳಿದ ಮೇಲೆ.

"ಸಭಾದ ಮಂದಿಯೆಲ್ಲಾ ನಿನ್ನ ನೋಡಾಕತ್ತಿತ್ತು, ಕಣ್ಣು ಬೀಳದ ಇರ್ತಾವೇನಕ್ಕಾ?" ನುಜಹತ ನಕ್ಕಳು. "ಇದು ಜಡ್ಡಲ್ಲ, ಅಂಜಿಕಿ. ಮಂದಿ ಮುಂದ ನಿಂತಾಗ ಮೈ ತಯಾರಾಗ್ತೈತಿ, ಅದಕ್ಕ ಎದಿ ಜೋರ ಬಡೀತೈತಿ. ಗಂಡಸರಿಗೂ ಆಗ್ತೈತಿ."

ಕಟ್ಟೆಯ ಮೇಲಿದ್ದ ಗಂಡ ಪರಮೇಶಪ್ಪ ಗಂಟಲು ಸರಿಮಾಡಿಕೊಂಡ. "ಹೆಂಗಸರಿಗ್ಯಾಕ ಬೇಕವಾ ಮೈಕು? ಮುಂದಿನ ವಾರದ ಗ್ರಾಮಸಭಾದಾಗ ನಾನ ಹೇಳ್ತೇನಿ."

"ಹೋದ ವರ್ಷಾನೂ ಹಂಗ ಅಂದಿದ್ರಿ. ಹೇಳಿದ್ರ್ಯಾ?" ಗುತ್ತೆವ್ವ ಕೇಳಿದಳು.

"ಅವತ್ತ... ಮಂದಿ ಭಾಳ ಇತ್ತು."

ನುಜಹತ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಹುಟ್ಟಿದಾಗಿನಿಂದ "ದನಿ ತಗ್ಗಿಸು" ಎಂದು ಹೆಣ್ಣಿನ ಬಾಯಿ ಮುಚ್ಚಿಸಿದ ಊರೇ, ಆಕೆ ಸಭೆಯಲ್ಲಿ ತಡವರಿಸಿದರೆ ಹಲ್ಲು ಕಿಸಿಯುತ್ತದೆ. ನಾಚಬೇಕಾದದ್ದು ಆ ಊರು, ತಡವರಿಸಿದವಳಲ್ಲ.

"ಖರೇ ಹೇಳಕ್ಕಾ, ಎಲ್ಲಿ ತಡದಿ?"

"ಸನ್ಮಾನ್ಯ ಅಧ್ಯಕ್ಷರೇ ಅಂತ ಉದ್ದಾನ ಭಾಷಣ ಬಾಯಿಪಾಠ ಮಾಡಿದ್ನಿ. ಸಾಹೇಬ್ರು ಮೊದಲಿಗೇ ಗಂಡನ ಹೆಸರು ಕೇಳಿಬಿಟ್ರು. ಬರೇ ಬಾಯಿಲೆ ಗಂಡನ ಹೆಸರು ಹೆಂಗ ಹೇಳ್ಲಿ? ಅಲ್ಲೇ ತಡದ್ನಿ. ಮುಂದಿಂದೆಲ್ಲಾ ಹಾರಿಹೋತು."

"ನಿನ್ನ ಮಗ ಚನ್ನೇಶನ ಮದುವ್ಯಾಗ ಒಡಪಿನ ಪದ ಕಟ್ಟಿ ಗಂಡನ ಹೆಸರು ಹೇಳಿದ್ಯಲ್ಲಾ? ಇಡೀ ಹಂದರ ನಕ್ಕಿತ್ತು. ಆವಾಗ ಎದಿ ಬಡೀಲಿಲ್ಲೇನು?"

"ಬಡೀತು. ಅದು ಹುರುಪಿಗೆ."

"ಇದೂ ಅದ ಎದಿ ಅಕ್ಕಾ. ಅಲ್ಲಿ ಹುರುಪು ಅಂದಿ, ಇಲ್ಲಿ ಜಡ್ಡು ಅಂದಿ."

ಗುತ್ತೆವ್ವ ಒಪ್ಪಲಿಲ್ಲ. "ಅಲ್ಲಿ ನಗಾವ್ರು ನಮ್ಮ ಮಂದಿ. ಇಲ್ಲಿ ಸಾಹೇಬ್ರು."

"ಸಾಹೇಬ್ರ ಮಾರಿ ನೋಡಬ್ಯಾಡ. ನಾ ಮುಂದ ಕುಂದರ್ತೇನಿ, ನನ್ನ ಮಾರಿ ನೋಡು. ಆ ಭಾಷಣ ಬಿಟ್ಟುಬಿಡು. ಮೊದಲನೇ ಮಾತೊಂದ ಬಾಯಿಪಾಠ ಇರ್ಲಿ, ಉಳದದ್ದು ಕಂಡಂಗ ಹೇಳು. ಎದ್ದಮ್ಯಾಲ ಗಡಬಡಿ ಬ್ಯಾಡ. ಎರಡೂ ಪಾದ ನೆಲಕ್ಕ ಊರು. ಮೆಲ್ಲಕ ಉಸಿರು ತಗೋ, ಇನ್ನೂ ಮೆಲ್ಲಕ ಬಿಡು. ಮರತ್ರ ಸುಮ್ಮನ ನಿಂದ್ರು, ಒಂದು ಗುಟುಕು ನೀರು ಕುಡಿ. ಯಾರೇನು ಹೊಡಿಯಂಗಿಲ್ಲ."

ದಿನವೂ ಸಂಜೆ ಮನೆಯಲ್ಲೇ ಸಭೆ ಸೇರಿತು. ಪರಮೇಶಪ್ಪನೇ ಸಾಹೇಬ. ಗತ್ತಿನಿಂದ ಕೇಳಿದ: "ಗಂಡನ ಹೆಸರು ಏನವಾ?"

"ನಿಮ್ಮ ಅಂಗೀ ಹಾಕ್ಕೊಂಡು ಕುಂತಾರಲ್ರಿ, ಅವರನ್ನ ಕೇಳ್ರಿ!"

ನಕ್ಕು ನಕ್ಕು ಮೊದಲ ದಿನದ ಸಭೆ ಅಲ್ಲಿಗೇ ಮುಗಿಯಿತು. ಮರುದಿನದಿಂದ ಗುತ್ತೆವ್ವ ಪೂರ್ತಿ ಮಾತಾಡಿದಳು. ದಿನದಿಂದ ದಿನಕ್ಕೆ ದನಿ ಗಟ್ಟಿಯಾಯಿತು.

ಗ್ರಾಮಸಭೆಯ ದಿನ ಗುತ್ತೆವ್ವ ಹಸಿದ ಹೊಟ್ಟೆಯಲ್ಲಿ ಹೋಗಲಿಲ್ಲ, ಅರ್ಧ ರೊಟ್ಟಿಯಾದರೂ ತಿಂದಳು. ಮೈಕು ಕೈಗೆ ಬಂತು. ಎದೆ ಮತ್ತೆ ಬಡಿಯಿತು, ಕೈ ನಡುಗಿತು. ಪಾದ ಊರಿದಳು. ಉಸಿರು ಬಿಟ್ಟಳು.

"ಗಂಡನ ಹೆಸರು?" ಅಧಿಕಾರಿ ಕೇಳಿದರು.

"ನನ್ನ ಹೆಸರು ಗುತ್ತೆವ್ವ ಅಂತ ಬರಕೋರಿ. ಗಿಲಾವು ಗಂಡನ ಹೆಸರು ಕೇಳಿ ಬೀಳಂಗಿಲ್ಲ."

ಅಧಿಕಾರಿ ಪೆನ್ನು ತೆಗೆದು ಬರೆದುಕೊಂಡರು.

"ಅಂಗನವಾಡಿ ಛತ್ತು ಉದುರಾಕತ್ತೈತಿ. ಉಣ್ಣೂ ಚಾಪಿ ಮ್ಯಾಲ ಇಷ್ಟು ದೊಡ್ಡ ಚೂರು ಬಿತ್ತರಿ..." ಅಲ್ಲಿಗೆ ಮಾತು ನಿಂತಿತು. ಹಿಂದೆ ಯಾರೋ ಕಿಸಕ್ಕೆಂದರು. ಗುತ್ತೆವ್ವ ನುಜಹತಳ ಮುಖ ನೋಡಿದಳು, ನೀರು ಕುಡಿದಳು. ಸಭೆ ಕಾಯಿತು.

"ಆವತ್ತ ಒಂದು ಕೂಸು ಕೈ ತೊಳಿಯಾಕ ಹೋಗದ ಅಲ್ಲೇ ಕುಂತಿದ್ರ, ಅದರವ್ವಗ ಏನು ಹೇಳ್ತಿದ್ರಿ?"

ಉತ್ತರ ಸಭೆಯ ನಿರ್ಣಯವಾಗಿ, ಠರಾವಿನಲ್ಲಿ ಬಂತು. ರಿಪೇರಿ ಮುಗಿಯುವವರೆಗೆ ಮಕ್ಕಳು ಶಾಲೆಯ ಖಾಲಿ ಕೋಣೆಯಲ್ಲಿ ಕೂರಬೇಕು, ಛತ್ತಿನ ಕೆಲಸ ಎಲ್ಲಕ್ಕಿಂತ ಮೊದಲು ಆಗಬೇಕು.

ಹೊರಗೆ ಬಂದು ಗುತ್ತೆವ್ವ ಮೆಟ್ಟಿಲ ಮೇಲೆ ಕೂತಳು. ಮೈಯೆಲ್ಲ ಹತ್ತಿಯಷ್ಟು ಹಗುರ.

"ಕೈ ಇನ್ನೂ ನಡುಗಾಕತ್ತೈತಲ್ಲ," ಎಂದ ಪರಮೇಶಪ್ಪ, ಪಕ್ಕದಲ್ಲಿ ಕೂರುತ್ತ.

"ನಡುಗ್ಲಿ ಬಿಡ್ರಿ. ನಾಳೆ ಕೂಸುಗಳು ಸಾಲಿ ಕೋಣ್ಯಾಗ ಉಣ್ತಾವು."

ಅವ್ವಂದಿರೇ, ಅಕ್ಕಂದಿರೇ, ಎದ್ದು ಮಾತಾಡಲು ಅಂಜುವ ಅಣ್ಣಂದಿರೇ! ನಾಲ್ಕು ಜನರ ಮುಂದೆ ಎದೆ ಬಡಿದರೆ ಅದು ರೋಗವಲ್ಲ, ನಿಮ್ಮ ಕೊರತೆಯೂ ಅಲ್ಲ. ಮನೆಯವರ ಮುಂದೆ, ಸಂಘದವರ ಮುಂದೆ ಹೇಳಿ ಹೇಳಿ ರೂಢಿ ಮಾಡಿಕೊಳ್ಳಿ. ಅಂಜಿಕೆ ದಿನನಿತ್ಯದ ಕೆಲಸಕ್ಕೇ ಅಡ್ಡ ಬರುತ್ತಿದ್ದರೆ ಆರೋಗ್ಯ ಕೇಂದ್ರದಲ್ಲಿ ಮುಚ್ಚಿಡದೆ ಹೇಳಿ. ಆದರೆ ಅಂಜಿಕೆ ಪೂರ್ತಿ ಹೋಗಲಿ, ಆಮೇಲೆ ಮಾತಾಡುತ್ತೇನೆ ಎಂದು ಕಾಯಬೇಡಿ. ಅದನ್ನೂ ಜೊತೆಗೆ ಕರೆದುಕೊಂಡೇ ನಿಮ್ಮೂರ ಗ್ರಾಮಸಭೆಗೆ ಬನ್ನಿ. ಸಭೆಯ ನಡವಳಿಯಲ್ಲಿ ದಾಖಲಾಗುವುದು ನೀವು ಆಡಿದ ಮಾತು. ದನಿ ನಡುಗಿದ್ದನ್ನು ಅಲ್ಲಿ ಯಾರೂ ಬರೆದಿಡುವುದಿಲ್ಲ.